ಹನ್ನೊಂದು ಜನ ಅವರೇ, ಮ್ಯಾನೇಜರ್ ಮಾತ್ರ ನಾನು

ಚನ್ನಪಟ್ಟಣದ ನಮ್ಮ ಫುಟ್‌ಬಾಲ್ ಕ್ಲಬ್ಬಿಗೆ ಹೊಸ ಮ್ಯಾನೇಜರ್ ಬೇಕು ಎಂದು ಕಮಿಟಿ ಸಭೆಯಲ್ಲಿ ಮೊದಲು ಬಾಯಿಬಿಟ್ಟವನು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಆಮೇಲೆ ನಡೆದದ್ದನ್ನು ನೆನೆಸಿಕೊಳ್ಳುವಾಗೆಲ್ಲ ನನ್ನ ಮನಸ್ಸು ಆ ಮಾತನ್ನು ಬೇರೆ ಯಾರದೋ ಬಾಯಿಗೆ ಹಾಕಲು ನೋಡುತ್ತದೆ.

ಆಗ ನನಗೆ ಮೂವತ್ತೇಳು ವರ್ಷ. ರಾಮನಗರದ ಕಾಲೇಜೊಂದರಲ್ಲಿ ಗಣಿತ ಪಾಠ ಮಾಡುತ್ತಿದ್ದೆ. ಈಗಲೂ ಅದೇ ಕೆಲಸ. ಹದಿನಾಲ್ಕು ವರ್ಷ ಕ್ಲಬ್ಬಿನ ಗೋಲ್‌ಕೀಪರ್ ಆಗಿದ್ದೆ. ಬಲಭುಜ ಎರಡನೇ ಸಲ ಜಾರಿದಾಗ ಡಾಕ್ಟರು, ಇನ್ನು ಹಾರುವ ಆಸೆ ಬಿಡಿ ಎಂದರು. ಬಿಟ್ಟೆ. ಆದರೆ ಭಾನುವಾರ ಬಂದರೆ ಕಾಲು ತಾನಾಗಿ ಮೈದಾನದ ಕಡೆ ಎಳೆಯುತ್ತಿತ್ತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ತಾಲ್ಲೂಕುಗಳ ಎಂಟು ತಂಡಗಳು ಸೇರಿ ಮಳೆಗಾಲ ಮುಗಿದ ಮೇಲೆ ಒಂದು ಲೀಗ್ ಆಡುತ್ತವೆ. ಒಬ್ಬೊಬ್ಬರ ಮೇಲೂ ಎರಡೆರಡು ಪಂದ್ಯ, ಒಂದು ತಂಡಕ್ಕೆ ಒಟ್ಟು ಹದಿನಾಲ್ಕು. ದೊಡ್ಡ ಊರುಗಳ ಲೆಕ್ಕದಲ್ಲಿ ಇದು ಏನೂ ಅಲ್ಲ. ನಮಗೆ ಮಾತ್ರ ವರ್ಷದ ನಾಲ್ಕು ತಿಂಗಳು ಬೇರೆ ಮಾತೇ ಇರುತ್ತಿರಲಿಲ್ಲ.

ನಾನು ತೆಗೆಸಿದ ಮ್ಯಾನೇಜರ್ ಬಸ್ ನಿಲ್ದಾಣದಿಂದ ನಿವೃತ್ತರಾದವರು. ಯಾವ ಬಸ್ಸು ಯಾವಾಗ ಹೊರಡಬೇಕು, ಯಾವ ರೂಟಿಗೆ ಯಾವ ಡ್ರೈವರ್ ಹೋಗಬೇಕು ಎಂದು ನೋಡಿಕೊಳ್ಳುವ ಟ್ರಾಫಿಕ್ ಕಂಟ್ರೋಲರ್ ಆಗಿದ್ದರು. ನಿವೃತ್ತಿಯಾಗಿ ಎಷ್ಟು ವರ್ಷವಾದರೂ ಊರಿನ ಬಾಯಲ್ಲಿ ಟಿ.ಸಿ. ಸಾರ್ ಆಗಿಯೇ ಉಳಿದರು. ಅವರು ಫುಟ್‌ಬಾಲ್ ಆಡಿದವರಲ್ಲ. ಆಫ್‌ಸೈಡ್ ಎಂದರೇನು ಎಂದು ನಾನೇ ಅವರಿಗೆ ಹೋಟೆಲ್ಲಿನ ಟೇಬಲ್ ಮೇಲೆ ಉಪ್ಪಿನ ಡಬ್ಬಿ, ಲೋಟ ಇಟ್ಟು ವಿವರಿಸಿದ್ದೆ. ಬೇರೆ ಊರಿಗೆ ಪಂದ್ಯಕ್ಕೆ ಹೋಗುವಾಗ ಬಸ್ಸಿನ ವ್ಯವಸ್ಥೆ ನೋಡಿಕೊಳ್ಳಲು ಒಬ್ಬರು ಬೇಕಿತ್ತು, ಅದಕ್ಕೆ ಅವರನ್ನು ಕರೆದುಕೊಂಡಿದ್ದೆವು. ಆಗಿದ್ದ ಮ್ಯಾನೇಜರ್ ಊರು ಬಿಟ್ಟು ಹೋದಾಗ, ಬೇರೆ ಯಾರೂ ಸಿಗುವವರೆಗೆ ಎಂದು ಇವರೇ ನಿಂತರು. ಆ ವರ್ಷ ನಾವು ಆರನೇ ಸ್ಥಾನದಲ್ಲಿದ್ದೆವು. ಮುಂದಿನ ವರ್ಷ ಮೂರನೆಯದು, ಅದರ ಮುಂದಿನ ವರ್ಷ ಎರಡನೆಯದು, ನಾಲ್ಕನೇ ವರ್ಷ ಗೆದ್ದೆವು.

ಅವರು ಏನು ಮಾಡುತ್ತಿದ್ದರು ಎಂದು ಆಗ ಯಾರಾದರೂ ಕೇಳಿದ್ದರೆ ಏನೂ ಇಲ್ಲ ಎನ್ನುತ್ತಿದ್ದೆ. ನಾನೇ ಗೋಲಿನಲ್ಲಿ ನಿಂತು ನೋಡಿದವನಲ್ಲವೇ? ಅವರು ಗೆರೆಯ ಪಕ್ಕ ಕೈ ಹಿಂದೆ ಕಟ್ಟಿಕೊಂಡು ನಿಂತಿರುತ್ತಿದ್ದರು. ಕೂಗುತ್ತಿರಲಿಲ್ಲ. ಹಾಫ್ ಟೈಮಿನಲ್ಲಿ ಎಲ್ಲರಿಗೂ ನೀರು ಕೊಟ್ಟು, ಮೊದಲ ಐದು ನಿಮಿಷ ಯಾರೂ ಮಾತಾಡುವಂತಿಲ್ಲ ಎನ್ನುತ್ತಿದ್ದರು. ಆಮೇಲೆ ಇಬ್ಬರನ್ನೋ ಮೂವರನ್ನೋ ಒಬ್ಬೊಬ್ಬರಾಗಿ ಪಕ್ಕಕ್ಕೆ ಕರೆದು ಒಂದೆರಡು ಮಾತಾಡಿ ಕಳಿಸುತ್ತಿದ್ದರು. ನನ್ನನ್ನು ಕರೆದದ್ದು ಹೆಚ್ಚೆಂದರೆ ನಾಲ್ಕು ಸಲ. ಒಮ್ಮೆ ಎರಡು ಗೋಲು ಬಿಟ್ಟು ತಲೆ ತಗ್ಗಿಸಿ ಕೂತಿದ್ದಾಗ ಹತ್ತಿರ ಬಂದು, ಮಗಳ ಜ್ವರ ಇಳಿಯಿತೇ ಎಂದು ಕೇಳಿದ್ದರು. ಇಳಿದಿತ್ತು. ಅಷ್ಟೇ ನಮ್ಮ ಮಾತು. ಇವರಿಗೆ ಆಟದ ಬಗ್ಗೆ ಹೇಳಲು ಏನೂ ಇಲ್ಲ ಎಂದು ಮನಸ್ಸಿನಲ್ಲೇ ನಕ್ಕು ಎರಡನೇ ಅರ್ಧಕ್ಕೆ ಹೋದೆ. ಆ ಅರ್ಧದಲ್ಲಿ ಒಂದೂ ಗೋಲು ಬಿಡಲಿಲ್ಲ ಎಂಬುದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ.

ಗೆದ್ದ ವರ್ಷ ನನಗೆ ಗೆಲುವಿನ ಕಾರಣ ಬಹಳ ಸ್ಪಷ್ಟವಾಗಿ ಕಾಣುತ್ತಿತ್ತು. ನಮ್ಮ ಕ್ಯಾಪ್ಟನ್ ಬಣ್ಣದ ಬೊಂಬೆ ಕಡೆಯುವ ಕೆಲಸದವನು. ಮಿಡ್‌ಫೀಲ್ಡಿನಲ್ಲಿ ಅವನ ಕಾಲಿಗೆ ಚೆಂಡು ಸಿಕ್ಕರೆ ಅದು ತಪ್ಪು ಜಾಗಕ್ಕೆ ಹೋಗುತ್ತಿರಲಿಲ್ಲ. ಹಿಂದೆ ಕೋಡಿಹಳ್ಳಿಯ ಡಿಫೆಂಡರ್ ಇದ್ದ. ಚನ್ನಪಟ್ಟಣದ ಹಾಸ್ಟೆಲ್ಲಿನಲ್ಲಿ ಓದುವಾಗ ಕ್ಲಬ್ಬು ಸೇರಿದವನು, ಓದು ಮುಗಿಸಿ ಊರಿಗೆ ಹೋಗಿ ರೇಷ್ಮೆ ಬೆಳೆಯಲು ನಿಂತ ಮೇಲೂ ಭಾನುವಾರ ಬೈಕಿನಲ್ಲಿ ಬಂದು ಆಡುತ್ತಿದ್ದ. ಅವನನ್ನು ದಾಟಿ ಬರುವ ಫಾರ್ವರ್ಡುಗಳು ನಮ್ಮ ಲೀಗಿನಲ್ಲಿ ಇರಲಿಲ್ಲ. ಮತ್ತೆ ಗೋಲಿನಲ್ಲಿ ನಾನು. ಆಡುವವರು ನಾವು, ಗೆಲ್ಲುವವರು ನಾವು, ಗೆರೆಯಾಚೆ ನಿಂತವರು ಯಾರಾದರೇನು?

ಭುಜ ಹೋದ ಮೇಲೆ ಬೆಂಗಳೂರಿಗೆ ಹೋಗಿ ಬಂದು ತರಬೇತುದಾರರ ಕೋರ್ಸ್ ಮುಗಿಸಿದೆ. ಒಂದು ಸರ್ಟಿಫಿಕೇಟ್ ಬಂತು. ಕಪ್ಪುಹಲಗೆಯ ಮೇಲೆ ತ್ರಿಕೋನ ಬರೆಯುವವನಿಗೆ ಮೈದಾನದಲ್ಲೂ ತ್ರಿಕೋನಗಳೇ ಕಂಡವು. ಯಾರು ಎಲ್ಲಿ ನಿಲ್ಲಬೇಕು, ಚೆಂಡು ಹೋದಾಗ ಎಷ್ಟು ಹೆಜ್ಜೆ ಹಿಂದೆ ಸರಿಯಬೇಕು ಎಂದು ಪುಟಗಟ್ಟಲೆ ಬರೆದಿಟ್ಟುಕೊಂಡೆ. ಕಮಿಟಿ ಸಭೆ ಬಸ್ ನಿಲ್ದಾಣದ ಹಿಂದಿನ ಹೋಟೆಲ್ಲಿನ ಮಹಡಿಯಲ್ಲಿ ನಡೆಯಿತು. ನಮ್ಮ ತಂಡ ಮ್ಯಾನೇಜರ್‌ನಿಂದ ಗೆದ್ದಿಲ್ಲ, ಮ್ಯಾನೇಜರ್ ಇದ್ದರೂ ಗೆದ್ದಿದೆ, ಸರಿಯಾದ ತರಬೇತಿ ಸಿಕ್ಕರೆ ಇನ್ನೂ ಎಷ್ಟು ಆಡಬಹುದು ಯೋಚನೆ ಮಾಡಿ ಎಂದೆ. ಕಮಿಟಿಯವರು ಒಬ್ಬರ ಮುಖ ಒಬ್ಬರು ನೋಡಿದರು. ನಾನು ಓದಿದವನು, ಮೇಷ್ಟ್ರು, ಸರ್ಟಿಫಿಕೇಟ್ ಬೇರೆ ಇದೆ. ಒಪ್ಪಿದರು. ಟಿ.ಸಿ. ಸಾರ್‌ಗೆ ತಿಳಿಸುವ ಕೆಲಸವನ್ನು ಕಾರ್ಯದರ್ಶಿ ಫೋನಿನಲ್ಲಿ ಮುಗಿಸಿದರು.

ಮಾರನೆಯ ದಿನ ಅವರು ಚೆಂಡುಗಳ ಚೀಲ, ಪಂಪು ಎಲ್ಲ ತಂದು ನಮ್ಮ ಮನೆ ಬಾಗಿಲಲ್ಲಿ ಇಟ್ಟರು. ಒಳಗೆ ಬನ್ನಿ ಎಂದೆ. ಬರಲಿಲ್ಲ. ಮೈದಾನದ ಬಡಗಣ ಮೂಲೆಯಲ್ಲಿ ಮಳೆ ಬಂದ ಮಾರನೆಯ ದಿನವೂ ನೀರು ನಿಂತಿರುತ್ತದೆ, ಪಂದ್ಯಕ್ಕೆ ಮೊದಲು ಮಣ್ಣು ಹಾಕಿಸಬೇಕು ಎಂದು ಹೇಳಿ ಹೊರಟುಹೋದರು. ಆಟಗಾರರ ಬಗ್ಗೆ ಏನಾದರೂ ಹೇಳುವುದಿದೆಯೇ ಎಂದು ನಾನು ಕೇಳಲಿಲ್ಲ. ಕೇಳಬೇಕು ಎಂದು ನನಗೆ ತೋಚಲೇ ಇಲ್ಲ.

ಲೀಗ್ ಶುರುವಾಯಿತು. ಮೊದಲ ಎರಡು ಪಂದ್ಯ ಚೆನ್ನಾಗಿಯೇ ಗೆದ್ದೆವು. ರಾಮನಗರದ ತಂಡದ ಮೇಲೆ ಮೂರು ಗೋಲು ಹೊಡೆದ ದಿನ ಹುಡುಗರು ನಾನು ಬರೆದುಕೊಟ್ಟ ಹಾಗೆಯೇ ಚೆಂಡು ಕಳಿಸುತ್ತಿದ್ದುದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು. ಮನೆಗೆ ಬಂದು ಹೆಂಡತಿಗೆ ಆ ಪಾಸುಗಳನ್ನೆಲ್ಲ ಬರೆದು ತೋರಿಸಿದೆ. ಅವಳು ನೋಡಿದಳು. ಟಿ.ಸಿ. ಸಾರ್ ಆಟ ನೋಡಲು ಬಂದಿದ್ದರಾ ಎಂದು ಕೇಳಿದಳು. ಬಂದಿರಲಿಲ್ಲ.

ಮೂರನೇ ಪಂದ್ಯಕ್ಕೆ ಎರಡು ದಿನ ಇರುವಾಗ ಕೋಡಿಹಳ್ಳಿಯ ಡಿಫೆಂಡರ್ ಫೋನ್ ಮಾಡಿದ. ಹುಳ ಕೊನೇ ಹಂತದಲ್ಲಿದೆ, ಈ ಭಾನುವಾರ ಬರುವುದು ಕಷ್ಟ ಎಂದ. ನಮ್ಮ ಸೀಮೆಯವನಾಗಿ ನನಗೆ ರೇಷ್ಮೆ ಹುಳದ ವಿಷಯ ಗೊತ್ತಿಲ್ಲದೆ ಇಲ್ಲ. ಗೂಡು ಕಟ್ಟುವ ಮೊದಲಿನ ಒಂದು ವಾರ ಅವು ಹಗಲು ರಾತ್ರಿ ಎನ್ನದೆ ಸೊಪ್ಪು ತಿನ್ನುತ್ತವೆ, ಮನೆಯವರಿಗೆ ನಿದ್ದೆ ಇರುವುದಿಲ್ಲ. ಹುಳ ಹಣ್ಣಾಯಿತೆಂದರೆ ಒಂದೊಂದನ್ನೂ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಎಂಬ ತಟ್ಟಿಯ ಮೇಲೆ ಬಿಡಬೇಕು. ಒಂದು ಹೊತ್ತು ತಡವಾದರೂ ಬೆಳೆ ಕೆಡುತ್ತದೆ. ಇದು ನನಗೆ ಗೊತ್ತಿತ್ತು. ಆದರೂ, ಒಂದು ಪಂದ್ಯಕ್ಕೆ ರಜೆ ಕೊಟ್ಟರೆ ಉಳಿದವರೂ ಕೇಳುತ್ತಾರೆ, ಶಿಸ್ತು ಎಂಬುದು ಒಂದಿರಬೇಕು ಎಂದೆ.

"ಟಿ.ಸಿ. ಸಾರ್ ಇದ್ದಾಗ ನಾನು ಕೇಳೋದೇ ಇರ್ಲಿಲ್ಲ ಕಣಣ್ಣ. ಅವ್ರೇ ಫೋನ್ ಮಾಡಿ, ಈ ವಾರ ಹುಳ ಹಣ್ಣಾಯ್ತವೆ ಅಲ್ವ, ಬರ್ಬೇಡ ಬುಡು ಅನ್ನೋರು," ಎಂದ. ಆಮೇಲೆ, "ಬತ್ತೀನಿ ಬುಡಿ," ಎಂದು ಫೋನ್ ಇಟ್ಟ.

ಆಗ ನನಗೆ ಹಳೆಯ ಒಂದು ವಿಷಯ ಅರ್ಥವಾಯಿತು. ಗೆದ್ದ ವರ್ಷವೂ ಟಿ.ಸಿ. ಸಾರ್ ಇವನನ್ನು ಮೂರು ನಾಲ್ಕು ಪಂದ್ಯಗಳಲ್ಲಿ ಆಡಿಸಿರಲಿಲ್ಲ. ಲೀಗಿನ ಒಳ್ಳೆಯ ಡಿಫೆಂಡರನ್ನು ಮನೆಯಲ್ಲಿ ಕೂರಿಸುವ ಇವರಿಗೆ ಆಟವೇ ಗೊತ್ತಿಲ್ಲ ಎಂದು ನಾನು ಗೋಲಿನಲ್ಲಿ ನಿಂತು ಹಲ್ಲು ಕಡಿದಿದ್ದೆ. ಅವರು ಹುಳದ ಲೆಕ್ಕ ಇಟ್ಟುಕೊಂಡಿದ್ದರು. ಅರ್ಥವಾದ ಮೇಲಾದರೂ ಮರಳಿ ಫೋನ್ ಮಾಡಿ ಬರಬೇಡ ಎನ್ನಬಹುದಿತ್ತು. ಹೇಳಿದ ಮಾತನ್ನು ಹಿಂದೆ ತೆಗೆದುಕೊಂಡರೆ ಮರ್ಯಾದೆ ಹೋಗುತ್ತದೆ ಎನಿಸಿತು.

ಅವನು ಬಂದ. ಕಣ್ಣು ಕೆಂಪಗಿತ್ತು, ಬೆರಳುಗಳಿಗೆ ಸೊಪ್ಪಿನ ಕರೆ ಅಂಟಿತ್ತು. ಎಪ್ಪತ್ತು ನಿಮಿಷ ಆಡಿದ. ಆಮೇಲೆ ಒಬ್ಬ ಫಾರ್ವರ್ಡ್ ಅವನನ್ನು ದಾಟಿ ಹೋದ, ಇವನು ನಿಂತಲ್ಲಿಂದಲೇ ಕಾಲು ಚಾಚಿದ, ಪೆನಾಲ್ಟಿ ಆಯಿತು. ಸೋತೆವು. ಆಟ ಮುಗಿದ ಮೇಲೆ ಅವನು ಶೂ ಬಿಚ್ಚಿ ಕೈಯಲ್ಲಿ ಹಿಡಿದು ಬರಿಗಾಲಲ್ಲೇ ಬೈಕಿನ ತನಕ ನಡೆದ. ಮುಂದಿನ ಭಾನುವಾರ ಬರಲಿಲ್ಲ. ಫೋನನ್ನೂ ಎತ್ತಲಿಲ್ಲ.

ಕ್ಯಾಪ್ಟನ್ ವಿಷಯದಲ್ಲಿ ನಾನು ಮಾಡಿದ್ದು ಇನ್ನೂ ಸಣ್ಣ ತಪ್ಪು, ಅದರಿಂದ ಆದ ನಷ್ಟ ದೊಡ್ಡದು. ಅವನಿಗೆ ಮೂವತ್ತಮೂರಾಗಿತ್ತು, ಓಟ ನಿಧಾನವಾಗಿತ್ತು. ಕನಕಪುರದ ಮೇಲೆ ಆಡುವಾಗ ಅವನ ಬದಲು ಒಬ್ಬ ಚುರುಕಾದವನನ್ನು ಆಡಿಸಬೇಕೆಂದು ತೀರ್ಮಾನಿಸಿದೆ. ಆ ತೀರ್ಮಾನ ಸರಿಯಾಗಿತ್ತು ಎಂದು ಈಗಲೂ ನನ್ನ ನಂಬಿಕೆ. ಶನಿವಾರ ಸಂಜೆ ಹನ್ನೊಂದು ಜನರ ಪಟ್ಟಿಯನ್ನು ಟೈಪ್ ಮಾಡಿ ತಂಡದ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಐದು ನಿಮಿಷಕ್ಕೆಲ್ಲ ಅವನು ಗ್ರೂಪಿನಿಂದ ಹೊರಗೆ ಹೋದ ಎಂದು ಫೋನ್ ತೋರಿಸಿತು. ಮಾರನೆಯ ದಿನ ಮೈದಾನಕ್ಕೆ ಬಂದ ಹುಡುಗರು ನನ್ನ ಕಣ್ಣು ತಪ್ಪಿಸುತ್ತಿದ್ದರು. ಹಾಫ್ ಟೈಮಿನಲ್ಲಿ ನಾನು ಹಲಗೆಯ ಮೇಲೆ ಬಾಣದ ಗುರುತು ಬರೆದು ಹದಿನೈದು ನಿಮಿಷವೂ ಮಾತಾಡಿದೆ. ಮಾತಾಡುತ್ತ ಮಾತಾಡುತ್ತ, ಇವರು ಕೇಳಿಸಿಕೊಳ್ಳುತ್ತಿಲ್ಲ, ನಾನು ನಿಲ್ಲಿಸಲೆಂದು ಕಾಯುತ್ತಿದ್ದಾರೆ ಎಂದು ಗೊತ್ತಾಯಿತು. ಕ್ಲಾಸಿನಲ್ಲಿ ಆ ಮುಖಗಳನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆ ದಿನ ಒಂದಕ್ಕೆ ನಾಲ್ಕರಿಂದ ಸೋತೆವು.

ಅಷ್ಟರಲ್ಲಿ ಟಿ.ಸಿ. ಸಾರ್ ಮಾಗಡಿ ತಂಡಕ್ಕೆ ಹೋಗುತ್ತಿದ್ದಾರೆ ಎಂಬ ಸುದ್ದಿ ಬಂತು. ಮಾಗಡಿ ಯಾವಾಗಲೂ ಕೊನೆಯ ತಂಡ. ಅವರ ಆಟಗಾರನೊಬ್ಬ ಬಸ್ ಕಂಡಕ್ಟರ್. ಹಳೆಯ ಪರಿಚಯದ ಮೇಲೆ ಕೇಳಿದನಂತೆ, ಇವರು ಒಪ್ಪಿದರಂತೆ. ಅಲ್ಲಿಗೆ ರೈಲಿಲ್ಲ. ಚನ್ನಪಟ್ಟಣದ ಪಕ್ಕದ ದೊಡ್ಡಮಳೂರಿನ ತಮ್ಮ ಮನೆಯಿಂದ ವಾರಕ್ಕೆರಡು ಸಲ ಎರಡು ಬಸ್ಸು ಬದಲಾಯಿಸಿ ಹೋಗಿ ಬರುತ್ತಿದ್ದರು. ಮಾಗಡಿಯವರು ಆ ವರ್ಷ ಮೊದಲ ಆರು ಪಂದ್ಯಗಳಲ್ಲಿ ಎರಡು ಗೆದ್ದು ಎರಡು ಸಮ ಮಾಡಿಕೊಂಡಾಗ ನಮ್ಮ ಕಡೆಯವರು ನನ್ನ ಮುಂದೆ ಆ ಮಾತು ಎತ್ತುವುದನ್ನೇ ನಿಲ್ಲಿಸಿದರು.

ಏಳನೇ ಪಂದ್ಯ ನಮ್ಮದು ಮಾಗಡಿಯಲ್ಲೇ ಬಿತ್ತು. ಬಸ್ಸಿಳಿದು ಮೈದಾನಕ್ಕೆ ಹೋದಾಗ ಟಿ.ಸಿ. ಸಾರ್ ಮುಂದೆ ಬಂದು ನಮ್ಮ ಹುಡುಗರ ಒಬ್ಬೊಬ್ಬರ ಹೆಗಲ ಮೇಲೂ ಕೈಯಿಟ್ಟು ಮಾತಾಡಿಸಿದರು. ನನ್ನನ್ನೂ ಮಾತಾಡಿಸಿದರು. ಆ ದಿನ ನಾನು ನಮ್ಮ ತಂಡಕ್ಕಿಂತ ಅವರನ್ನೇ ಹೆಚ್ಚು ನೋಡಿದೆ. ಅದೇ ಹಿಂದೆ ಕಟ್ಟಿದ ಕೈ, ಅದೇ ಮೌನ. ಅವರ ಎಡಗಡೆಯ ಆಟಗಾರ ಎರಡು ಸಲ ಒಂದೇ ತಪ್ಪು ಮಾಡಿ ಗೆರೆಯ ಕಡೆ ಹೆದರಿ ನೋಡಿದ. ಇವರು ತಲೆಯಾಡಿಸಿ, ಆಡು ಎಂಬಂತೆ ಕೈ ಮುಂದೆ ಮಾಡಿದರು. ಮೂರನೇ ಸಲ ಅವನು ಆ ತಪ್ಪು ಮಾಡಲಿಲ್ಲ.

ಪಂದ್ಯ ಗೆದ್ದವರು ನಾವೇ. ಒಂದಕ್ಕೆ ಎರಡು. ಕೊನೆಯ ನಿಮಿಷದಲ್ಲಿ ನಮ್ಮ ಫಾರ್ವರ್ಡ್ ಹೊಡೆದ ಚೆಂಡು ಅವರ ಆಟಗಾರನೊಬ್ಬನ ಬೆನ್ನಿಗೆ ತಾಗಿ ದಿಕ್ಕು ಬದಲಾಯಿಸಿ ಗೋಲಿನೊಳಗೆ ಹೋಯಿತು. ಸೀಟಿ ಊದಿದ ಮೇಲೆ ಅವರ ಹುಡುಗರು ಚೆಂಡು ತಾಗಿದವನ ಸುತ್ತ ಕೂತರು. ಯಾರೋ ಏನೋ ಹೇಳಿದರು, ಅವನು ನಕ್ಕ. ಇತ್ತ ಗೆದ್ದ ನಮ್ಮವರು, ನನಗೆ ಯಾಕೆ ಚೆಂಡು ಕೊಡಲಿಲ್ಲ, ನೀನು ಯಾಕೆ ಓಡಲಿಲ್ಲ ಎಂದು ಒಬ್ಬರ ಮೇಲೊಬ್ಬರು ಹರಿಹಾಯುತ್ತಿದ್ದರು. ವಾಪಸು ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಚನ್ನಪಟ್ಟಣದ ತನಕ ಖಾಲಿಯಾಗಿಯೇ ಇತ್ತು. ಬಸ್ಸಿನಲ್ಲಿ ನಿಂತು ಬಂದವರೂ ಅಲ್ಲಿ ಕೂರಲಿಲ್ಲ.

ಅದಾದ ಒಂದು ವಾರಕ್ಕೆ ದೊಡ್ಡಮಳೂರಿಗೆ ಹೋದೆ. ಬೆಳಗಿನ ಹೊತ್ತು. ದೇವಸ್ಥಾನದ ಹಿಂದಿನ ಬೀದಿಯಲ್ಲಿ ಅವರ ಮನೆ. ಗಂಡ ಹೆಂಡತಿ ಇಬ್ಬರೂ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಆ ತಾಯಿ ನನ್ನನ್ನು ನೋಡಿ ಎದ್ದು ಒಳಗೆ ಹೋದರು. ಕಾಫಿ ತರಲು ಹೋದರೋ ನನ್ನ ಮುಖ ನೋಡಬಾರದೆಂದು ಹೋದರೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಕಾಫಿಯಂತೂ ಬಂತು. ನಾನೂ ಕೂತು ಕಾಯಿಗೆ ಕೈ ಹಾಕಿದೆ. ಸಭೆಯಲ್ಲಿ ನಾನು ಆಡಿದ ಮಾತನ್ನು ನನ್ನ ಬಾಯಲ್ಲೇ ಅವರಿಗೆ ಹೇಳಿದೆ. ಅವರಿಗೆ ಗೊತ್ತಿತ್ತು.

"ಬೇಜಾರಾಗ್ಲಿಲ್ಲ ಅಂದ್ರೆ ಸುಳ್ಳಾಯ್ತದೆ," ಎಂದರು. "ಎಂಟು ದಿನ ಮೈದಾನದ ದಾರೀಲೇ ಓಡಾಡ್ಲಿಲ್ಲ. ಫೋನಲ್ಲಿ ಹೇಳ್ಸಿದ್ರಲ್ಲ, ಅದು ಒಸಿ ನೋವಾಯ್ತು."

ಆಮೇಲೆ ನಾನು, ಲೀಗ್ ಶುರುವಾದಾಗ ಹೆಚ್ಚುಕಡಿಮೆ ಅದೇ ಹನ್ನೊಂದು ಜನ, ಅದೇ ಮೈದಾನ, ತರಬೇತಿ ಮೊದಲಿಗಿಂತ ಹೆಚ್ಚಾಗಿದೆ, ಆದರೂ ಏಕೆ ಹೀಗೆ ಎಂದು ಕೇಳಿದೆ. ಅವರು ಸುಲಿದ ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿದರು.

"ನಿನ್ಗೆ ಆಟ ಚೆನ್ನಾಗಿ ಗೊತ್ತೈತೆ ಕಣಪ್ಪ. ನನ್ಗೆ ಗೊತ್ತಿರ್ಲಿಲ್ಲ. ಅದ್ಕೇ ಆಡೋರ್ನ ನೋಡ್ಕಂಡು ನಿಂತ್ಕಂಡೆ. ಬಸ್ ಸ್ಟ್ಯಾಂಡ್ನಲ್ಲೂ ನಾನೇನು ಬಸ್ ಓಡುಸ್ತಿರ್ಲಿಲ್ಲ. ಬೆಳಿಗ್ಗೆ ಡ್ರೈವರ್ ಬಂದ್ರೆ ಮೊದ್ಲು ಅವ್ನ ಮುಖ ನೋಡ್ತಿದ್ದೆ. ಮನೇಲಿ ಜಗಳ ಆಡ್ಕಂಡು ಬಂದೋನ್ನ ಘಾಟಿ ರೂಟಿಗೆ ಕಳುಸ್ತಿರ್ಲಿಲ್ಲ. ಅಷ್ಟೇಯ."

ಯಾರನ್ನಾದರೂ ಆಡಿಸುವುದಿಲ್ಲ ಎಂದರೆ ಹಿಂದಿನ ದಿನ ಅವನ ಮನೆಗೋ ಕೆಲಸದ ಜಾಗಕ್ಕೋ ಹೋಗಿ ಎದುರಿಗೇ ಹೇಳುತ್ತಿದ್ದರಂತೆ. ಬೈಸಿಕೊಂಡದ್ದೂ ಇದೆಯಂತೆ. ತಾವು ಎಡವಿದ್ದನ್ನೂ ಹೇಳಿದರು. ಗೆದ್ದ ವರ್ಷ ಒಬ್ಬ ಹುಡುಗ ಅಭ್ಯಾಸಕ್ಕೆ ತಡವಾಗಿ ಬರುತ್ತಾನೆ ಎಂದು ಅವನನ್ನು ತಂಡದಿಂದ ಕೈಬಿಟ್ಟಿದ್ದರು. ಅವನ ಅಪ್ಪ ಆಸ್ಪತ್ರೆಯಲ್ಲಿದ್ದಾರೆ ಎಂಬುದು ಅವರಿಗೆ ತಿಂಗಳಾದ ಮೇಲೆ ಗೊತ್ತಾಯಿತು. ಹೋಗಿ ಕರೆದರು. ಅವನು ಮತ್ತೆ ಬರಲಿಲ್ಲ. ಇದನ್ನು ಹೇಳುವಾಗ ಅವರ ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಂತಿತ್ತು.

ಕೊನೆಗೆ, ಒಂದು ತಂಡದ ಗೆಲುವಿನಲ್ಲಿ ಮ್ಯಾನೇಜರ್ ಪಾಲು ಎಷ್ಟು ಎಂದು ನೇರವಾಗಿ ಕೇಳಿದೆ. ಗಣಿತದವನ ಚಟ.

"ಹದ್ನಾಲ್ಕು ಮ್ಯಾಚ್ನಲ್ಲಿ ಎರಡೋ ಮೂರೋ ಗೆಲ್ಲುಸ್ಬೋದೇನೋ," ಎಂದರು. "ಮಿಕ್ಕಿದ್ದೆಲ್ಲ ಆಡೋರ ಕಾಲಲ್ಲೈತೆ. ಮಾಗಡಿನ ನಾನು ಗೆಲ್ಲುಸ್ತೀನಿ ಅಂದ್ಕಬೇಡ, ಗೋಲ್ ಹೊಡಿಯೋನೇ ಒಬ್ಬ ಇಲ್ಲ ಅಲ್ಲಿ. ಆದ್ರೆ ಕೆಡ್ಸೋದಾದ್ರೆ ಮಾತ್ರ ಹದ್ನಾಲ್ಕನ್ನೂ ಕೆಡುಸ್ಬೋದು."

ಅಲ್ಲಿಂದ ಬಂದವನು ಮೊದಲು ಕ್ಯಾಪ್ಟನ್ ಕೆಲಸ ಮಾಡುವ ಶೆಡ್ಡಿಗೆ ಹೋದೆ. ಲೇತ್ ತಿರುಗುತ್ತಿತ್ತು. ಮರದ ತುಂಡಿಗೆ ಅರಗಿನ ಬಣ್ಣದ ಕಡ್ಡಿ ಒತ್ತಿ ಹಿಡಿದಿದ್ದ, ಕೈ ತೆಗೆಯುವಂತಿರಲಿಲ್ಲ. ಕಾದೆ. ಮುಗಿಸಿ ಎದ್ದು ಬಂದು ನನಗೆ ಕೂರಲು ಸ್ಟೂಲ್ ಕೊಟ್ಟ. ನಾನು ತಪ್ಪಾಯಿತು ಎಂದೆ. ಅವನಿಗೆ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

"ನನ್ ಓಟ ಕಮ್ಮಿ ಆಗೈತೆ ಅಂತ ನನ್ಗೇನು ಗೊತ್ತಿರ್ಲಿಲ್ವಾ ಅಣ್ಣ? ನೀನು ಇಲ್ಲಿಗೆ ಬಂದು ಒಂದ್ ಮಾತು ಹೇಳಿದ್ರೆ ಬೆಂಚ್ ಮೇಲೆ ಕೂತ್ಕಂಡು ಹುಡುಗ್ರಿಗೆ ಹೇಳ್ಕೊಡ್ತಿದ್ದೆ. ನನ್ ಮಗ್ಳು ಆ ಲಿಸ್ಟ್ ಓದಿ, ಅಪ್ಪ ನಿನ್ನೆಸ್ರು ಮರ್ತೋಗವ್ರೆ ಅಂದ್ಲು," ಎಂದ.

ಅವನು ಮರಳಿ ಬರಲಿಲ್ಲ. ಈಗಲೂ ದಾರಿಯಲ್ಲಿ ಸಿಕ್ಕರೆ ಚೆನ್ನಾಗಿ ಮಾತಾಡುತ್ತಾನೆ, ಮನೆಗೆ ಕರೆಯುತ್ತಾನೆ, ಫುಟ್‌ಬಾಲ್ ಮಾತು ಮಾತ್ರ ತೆಗೆಯುವುದಿಲ್ಲ. ಅಷ್ಟು ಒಳ್ಳೆಯ ಆಟಗಾರನ ಕೊನೆಯ ಪಂದ್ಯ ಯಾವುದು ಎಂದು ಅವನಿಗೂ ಆಗ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಕೋಡಿಹಳ್ಳಿಗೆ ಹೋದದ್ದು ಸಂಕ್ರಾಂತಿ ಕಳೆದ ಮೇಲೆ. ಕನಕಪುರ ದಾಟಿ ಬೈಕಿನಲ್ಲಿ ಹೋಗುವಾಗ, ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರೆ ಏನು ಹೇಳಬೇಕು ಎಂದು ಯೋಚಿಸುತ್ತಿದ್ದೆ. ಹೋದ ದಿನವೇ ಅವರ ಮನೆಯಲ್ಲಿ ಹುಳ ಹಣ್ಣಾಗಿದ್ದವು. ಬೈಯಲು ಯಾರಿಗೂ ಪುರಸೊತ್ತಿರಲಿಲ್ಲ. ಅವನ ತಾಯಿ, ಹೆಂಡತಿ, ಪಕ್ಕದ ಮನೆಯ ಇಬ್ಬರು ಹೆಂಗಸರು ಬಗ್ಗಿ ಹುಳ ಆರಿಸುತ್ತಿದ್ದರು. ಅವನು ಚಂದ್ರಿಕೆ ಹೊತ್ತು ತರುತ್ತಿದ್ದ. ನನ್ನನ್ನು ನೋಡಿ ಒಂದು ಗಳಿಗೆ ನಿಂತ, ಮತ್ತೆ ಕೆಲಸಕ್ಕೆ ಹೋದ. ನಾನು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ಒಳಗೆ ಹೋಗಿ ಕೂತೆ. ಅವನ ತಾಯಿ ಒಂದು ಹುಳ ಎತ್ತಿ ಬೆಳಕಿಗೆ ಹಿಡಿದು ತೋರಿಸಿದರು. ಹಣ್ಣಾದ ಹುಳದ ಮೈ ಹಳದಿಗೆ ತಿರುಗಿ ಆಚೆಯ ಬೆಳಕು ಕಾಣಿಸುವ ಹಾಗಿರುತ್ತದೆ, ಆಗದ್ದು ಸುಣ್ಣದ ಹಾಗೆ ಬೆಳ್ಳಗಿರುತ್ತದೆ. ಮೊದಮೊದಲು ನಾನು ಆರಿಸಿದ್ದರಲ್ಲಿ ಅರ್ಧ ಅವರು ವಾಪಸು ಹಾಕಿದರು. ಸಾವಿರಾರು ಹುಳ ಒಟ್ಟಿಗಿದ್ದರೂ ಒಂದೊಂದು ಒಂದೊಂದು ಹೊತ್ತಿಗೆ ಹಣ್ಣಾಗುತ್ತದೆ, ಕಣ್ಣಿಟ್ಟು ನೋಡದೆ ಗೊತ್ತಾಗುವುದಿಲ್ಲ ಎಂದರು. ಮಧ್ಯಾಹ್ನದ ತನಕ ಕೂತೆ. ಸೊಂಟ ಬಿದ್ದುಹೋಯಿತು.

ಊಟಕ್ಕೆ ಕೂತಾಗ ಅವನೇ ಮಾತು ತೆಗೆದ. ಆ ಭಾನುವಾರ ಅವನು ಮೈದಾನಕ್ಕೆ ಬಂದಾಗ ಹೆಂಡತಿ ಏಳು ತಿಂಗಳ ಬಸುರಿಯಾಗಿ ಒಬ್ಬಳೇ ಸೊಪ್ಪು ಹೊತ್ತಿದ್ದಳು. ಸಂಜೆ ಹೊಟ್ಟೆನೋವು ಬಂದು ಕನಕಪುರದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು. ಏನೂ ತೊಂದರೆಯಾಗಲಿಲ್ಲ, ಈಗ ಮಗು ತೊಟ್ಟಿಲಲ್ಲಿತ್ತು. "ಆವತ್ತು ನಾನು ಬರ್ಬಾರ್ದಿತ್ತು ಕಣಣ್ಣ. ನೀವು ಕರೆದಿದ್ದು ತಪ್ಪಲ್ಲ, ನಾನು ಇಲ್ಲ ಅನ್ಬೇಕಾಗಿತ್ತು," ಎಂದ. ನನ್ನ ತಪ್ಪನ್ನು ಅವನು ತನ್ನ ಮೇಲೆ ಎಳೆದುಕೊಳ್ಳುತ್ತಿದ್ದ. ಅಲ್ಲ, ಕರೆಯಬಾರದಾಗಿದ್ದವನು ನಾನು ಎಂದೆ. ಅವನ ತಾಯಿ ನನ್ನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿ, ಇಬ್ಬರೂ ಸುಮ್ಮನೆ ಉಣ್ಣಿ ಎಂದರು. ಅವನು ಆ ವರ್ಷ ಆಡಲಿಲ್ಲ. ಮುಂದಿನ ವರ್ಷ ಬಂದ.

ಲೀಗ್ ಮುಗಿದಾಗ ನಾವು ಆರನೆಯವರು. ಮಾಗಡಿ ಐದನೆಯದು. ಹಿಂದಿನ ವರ್ಷದ ಚಾಂಪಿಯನ್ನರು ಹಿಂದಿನ ವರ್ಷದ ಕೊನೆಯವರಿಗಿಂತ ಒಂದು ಸ್ಥಾನ ಕೆಳಗೆ. ನಾನು ಕಮಿಟಿಯ ಮುಂದೆ ಹೋಗಿ, ನನ್ನ ಮಾತು ತಪ್ಪಾಗಿತ್ತು, ಟಿ.ಸಿ. ಸಾರ್ ಅವರನ್ನು ಮರಳಿ ಕರೆಯೋಣ, ನಾನು ಅವರ ಕೈಕೆಳಗೆ ತರಬೇತಿ ಮಾತ್ರ ಕೊಡುತ್ತೇನೆ ಎಂದೆ. ಈ ಸಲ ಫೋನ್ ಮಾಡದೆ ನಾನೇ ಹೋಗಿ ಕೇಳಿದೆ. ಅವರು ನಕ್ಕು, ಮಾಗಡಿಯ ಹುಡುಗರು ತಮಗೆ ಒಗ್ಗಿಹೋಗಿದ್ದಾರೆ, ಇನ್ನೊಬ್ಬರು ಕರೆದರೆಂದು ಇದ್ದವರನ್ನು ಬಿಟ್ಟು ಹೋಗುವುದು ತಮಗೆ ಬರುವುದಿಲ್ಲ ಎಂದರು. ಅದು ನನಗೆ ಹೇಳಿದ ಮಾತಲ್ಲ ಎಂದುಕೊಂಡರೂ ನನಗೆ ತಾಗಿತು.

ಮ್ಯಾನೇಜರ್ ಕೆಲಸ ನನ್ನ ಮೇಲೆಯೇ ಉಳಿಯಿತು. ಆ ಬೇಸಿಗೆಯಲ್ಲಿ ಏಳು ಜನ ಆಟಗಾರರು ಬೇರೆ ಬೇರೆ ಕಾರಣ ಹೇಳಿ ನಮ್ಮ ಕ್ಲಬ್ಬು ಬಿಟ್ಟರು. ನಾನು ತಡೆಯಲಿಲ್ಲ, ತಡೆಯುವ ಮುಖ ನನಗಿರಲಿಲ್ಲ. ಹೊಸಬರನ್ನು ಕಟ್ಟಿಕೊಂಡು ಮೂರು ವರ್ಷ ಒದ್ದಾಡಿದ ಮೇಲೆ ಹೋದ ವರ್ಷ ಎರಡನೇ ಸ್ಥಾನಕ್ಕೆ ಬಂದೆವು. ಅದರಲ್ಲಿ ನನ್ನದೆಷ್ಟು, ಹುಡುಗರದೆಷ್ಟು ಎಂದು ಲೆಕ್ಕ ಹಾಕುವ ಚಟ ಇನ್ನೂ ಪೂರ್ತಿ ಬಿಟ್ಟಿಲ್ಲ. ಬೆಂಗಳೂರಿನಲ್ಲಿ ಓದು ಮುಗಿಸಿ ಬಂದ ಒಬ್ಬ ಫಾರ್ವರ್ಡ್ ನಮಗೆ ಸಿಕ್ಕಿದ್ದ, ಅವನೊಬ್ಬನೇ ಹದಿನಾರು ಗೋಲು ಹೊಡೆದ. ಅವನಿಲ್ಲದಿದ್ದರೆ ನಾನು ಯಾರ ಮುಖ ಎಷ್ಟು ಓದಿದರೂ ಎರಡನೇ ಸ್ಥಾನ ಸಿಗುತ್ತಿರಲಿಲ್ಲ.

ಅದೇ ಹೋದ ವರ್ಷ ಮಾಗಡಿ ಮತ್ತೆ ಕೊನೆಯ ಸ್ಥಾನಕ್ಕೆ ಇಳಿಯಿತು. ಅವರ ಗೋಲ್‌ಕೀಪರನಿಗೆ ಬೇರೆ ಜಿಲ್ಲೆಗೆ ವರ್ಗವಾಗಿತ್ತು, ಇದ್ದ ಒಬ್ಬ ಒಳ್ಳೆಯ ಮಿಡ್‌ಫೀಲ್ಡರ್ ಮೊಣಕಾಲು ಮುರಿದುಕೊಂಡಿದ್ದ. ಟಿ.ಸಿ. ಸಾರ್ ಎಲ್ಲ ಪಂದ್ಯಕ್ಕೂ ಹೋದರು, ಗೆರೆಯ ಪಕ್ಕ ನಿಂತರು, ಹದಿನಾಲ್ಕರಲ್ಲಿ ಹನ್ನೊಂದು ಸೋತರು. ಮ್ಯಾನೇಜರ್‌ನಿಂದ ಏನೂ ಆಗುವುದಿಲ್ಲ ಎಂದು ನಮ್ಮ ಕಮಿಟಿಯ ಹೊಸ ಸದಸ್ಯರೊಬ್ಬರು ನನ್ನೆದುರಿಗೇ ಹೇಳಿದರು.

ಈ ವರ್ಷ ಲೀಗಿಗೆ ಮೊದಲು ಎಲ್ಲ ತಂಡಗಳೂ ಆಟಗಾರರ ಹೆಸರು ನೋಂದಾಯಿಸುವ ದಿನ ನಾನೂ ರಾಮನಗರಕ್ಕೆ ಹೋಗಿದ್ದೆ. ಮಾಗಡಿಯ ಕಂಡಕ್ಟರ್ ಹುಡುಗ ನನ್ನ ಪಕ್ಕದಲ್ಲಿ ಕೂತು ಫಾರಂ ತುಂಬುತ್ತಿದ್ದ. ಎಷ್ಟು ಜನ ಹೊಸಬರು ಎಂದು ಕೇಳಿದೆ. ಇಬ್ಬರು ಎಂದ. ಹಳಬರಲ್ಲಿ ಎಷ್ಟು ಜನ ಬಿಟ್ಟರು ಎಂದೆ. ಅವನಿಗೆ ನನ್ನ ಪ್ರಶ್ನೆ ಅರ್ಥವಾಗಲಿಲ್ಲವೋ ಏನೋ, ಯಾಕೆ ಬಿಡ್ತಾರೆ ಎಂದು ನನ್ನನ್ನೇ ತಿರುಗಿ ಕೇಳಿದ. ಮೊಣಕಾಲು ಮುರಿದವನ ಹೆಸರನ್ನೂ ಬರೆದಿದ್ದ. ಅವನು ಈ ವರ್ಷ ಓಡುವ ಹಾಗಿಲ್ಲ, ಆದರೂ ಹೆಸರಿರಲಿ ಎಂದು ಟಿ.ಸಿ. ಸಾರ್ ಹೇಳಿದ್ದಾರಂತೆ. ಕಂಡಕ್ಟರ್ ಪೆನ್ನು ಕೆಳಗಿಟ್ಟು ಸೀಲು ಹಾಕಿಸಲು ಎದ್ದು ಹೋದ. ನನ್ನ ಫಾರಂನಲ್ಲಿ ಬಿಟ್ಟುಹೋದವರ ಜಾಗಕ್ಕೆ ಇನ್ನೂ ನಾಲ್ಕು ಹೆಸರು ಬರೆಯುವುದು ಬಾಕಿ ಇತ್ತು.